ನೀರು ಉಳಿಸುವ ಒಕ್ಕಲುತನ: ನಮ್ಮ ಭಾಗದಲ್ಲಿ ನಡೆದು ಬಂದ ದಾರಿ



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸುಸಂದರ್ಭದಲ್ಲಿ ಷೇರು ಬಂಡವಾಳ, ಠೇವಣಿ, ಸಾಲ, ವಸೂಲಾತಿ ಇವುಗಳ ಲೆಕ್ಕ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದೇ ಬರುತ್ತದೆ. ಆದರೆ ಆ ಎಲ್ಲ ಲೆಕ್ಕಕ್ಕೂ ಬುಡ ಯಾವುದು ಅಂತ ನೋಡಿದರೆ ಅದು ಮಳೆ, ನೀರು ಮತ್ತು ಹಸಿ. ಹೊಲದಲ್ಲಿ ಹಸಿ ಇದ್ದ ವರ್ಷ ಸಾಲ ತಾನಾಗಿ ತೀರುತ್ತದೆ. ಹಸಿ ಇಲ್ಲದ ವರ್ಷ ಎಷ್ಟು ನೋಟೀಸು ಕೊಟ್ಟರೂ ತೀರುವುದಿಲ್ಲ. ಆದ್ದರಿಂದ ನಮ್ಮ ಭಾಗದವರು ನೀರನ್ನು ಹೇಗೆ ಉಳಿಸುತ್ತಾ ಬಂದರು, ಎಲ್ಲಿ ಕಳೆದರು, ಮುಂದೆ ಏನು ಅನ್ನುವುದನ್ನು ಬರೆಯಲು ಹೊರಟಿದ್ದೇವೆ. ನಾವು ಎಸ್.ಎಸ್.ಎಲ್.ಸಿ. ಓದಿ ಒಕ್ಕಲುತನಕ್ಕೆ ನಿಂತವರು, ಪಂಡಿತರಲ್ಲ. ತಿಳಿದಷ್ಟನ್ನು ತಿಳಿದ ಹಾಗೆ ಬರೆದಿದ್ದೇವೆ.

ಮೊದಲು ಒಂದು ಲೆಕ್ಕ

ಒಂದು ಎಕರೆ ಹೊಲದ ಮೇಲೆ ಒಂದು ಇಂಚು ಮಳೆ ಬಿದ್ದರೆ ಎಷ್ಟು ನೀರು ಅಂತ ಬಹಳ ಜನ ಲೆಕ್ಕ ಹಾಕಿರುವುದಿಲ್ಲ. ಅದು 1 ಲಕ್ಷ ಲೀಟರಿಗೂ ಸ್ವಲ್ಪ ಮೇಲೆ. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ 20 ಟ್ಯಾಂಕರ್. ಬೇಸಿಗೆಯಲ್ಲಿ ಒಂದು ಟ್ಯಾಂಕರ್ ನೀರಿಗೆ ಎಷ್ಟು ರೊಕ್ಕ ಕೊಡುತ್ತೇವೆ ಅಂತ ನಮಗೆಲ್ಲ ಗೊತ್ತೈತಿ. ಹಂಗಿದ್ದರೂ ಮೃಗಶಿರ ಮಳೆಯಲ್ಲಿ ಇಪ್ಪತ್ತು ಟ್ಯಾಂಕರ್ ನೀರು ಒಡ್ಡು ಹರಿದು ಹಳ್ಳಕ್ಕೆ ಹೋಗುವಾಗ ನಾವು ಕಟ್ಟೆಯ ಮೇಲೆ ಕುಂತು ನೋಡುತ್ತೇವೆ.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಒಳಗೆ ಹೊರಗೆ, ಅಂದರೆ ಎಕರೆಗೆ ಸುಮಾರು 24 ಲಕ್ಷ ಲೀಟರ್. ಕೆಸರು ಗದ್ದೆ ಮಾಡಿ ನಾಟಿ ಹಚ್ಚಿದ ಭತ್ತಕ್ಕೆ ಬೇಕಾಗುವ ನೀರು 1200 ಮಿಲಿಮೀಟರಿಗೂ ಹೆಚ್ಚು, ಅಂದರೆ 48 ಲಕ್ಷ ಲೀಟರ್. ನಮ್ಮ ಮೇಲೆ ಬೀಳುವ ಮಳೆಯ ಎರಡು ಪಟ್ಟು. ಇದೇ ನೀರಿನಲ್ಲಿ ಹತ್ತು ಎಕರೆ ಹಿಂಗಾರಿ ಜೋಳಕ್ಕೆ ಎರಡೆರಡು ಸಲ, ಪ್ರತಿ ಸಲ ಎರಡು ಇಂಚಿಗೂ ಮೇಲೆ ನೀರು ಹಾಯಿಸಬಹುದು. ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಓದಬೇಕೆಂದು ವಿನಂತಿ.

ಹಿರಿಯರ ಕುಂಟೆ ಮತ್ತು ಕೂರಿಗೆ

ತುಂಗಭದ್ರೆಯ ಕಾಲುವೆ ಯಲಬುರ್ಗಾ ಕಡೆಗೆ ಬರಲಿಲ್ಲ. ನಮ್ಮದು ಎರೆ ಮತ್ತು ಮಸಾರಿ ಕೂಡಿದ ಸೀಮೆ. ನಿಜಾಮರ ಆಳ್ವಿಕೆಯಲ್ಲಿ ರಾಯಚೂರು ಜಿಲ್ಲೆಗೆ ಸೇರಿದ್ದೆವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದೆವು, 1997ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಸರಕಾರ ಬದಲಾದರೂ ಎರೆ ಹೊಲದ ಒಕ್ಕಲುತನದ ರೀತಿ ಬಹಳ ಕಾಲ ಬದಲಾಗಲಿಲ್ಲ.

ಆ ರೀತಿ ಏನೆಂದರೆ, ಹಿರಿಯರು ಎರೆ ಹೊಲವನ್ನು ವರ್ಷಾ ವರ್ಷಾ ನೇಗಿಲು ಹೂಡಿ ಉಳುತ್ತಿರಲಿಲ್ಲ. ಕರಿಕೆ, ಜೇಕು ಹೆಚ್ಚಾದಾಗ ಕೆಲವು ವರ್ಷಕ್ಕೊಮ್ಮೆ ಆರೆಂಟು ಎತ್ತು ಹೂಡಿ ದೊಡ್ಡ ರಂಟೆ ಹೊಡೆಯುತ್ತಿದ್ದರು. ಉಳಿದ ವರ್ಷಗಳಲ್ಲಿ ಕುಂಟೆಯೇ ಗತಿ. ಮುಂಗಾರಿಯಿಂದ ಹಿಂಗಾರಿ ಬಿತ್ತುವತನಕ ಮಳೆ ಬಿದ್ದು ಹೊಲ ಸ್ವಲ್ಪ ಆರಿತು ಅಂದರೆ ಕುಂಟೆ ಹೂಡಿ ಹರಗುವುದು. ಹರಗಿದರೆ ಕಸ ಸಾಯುತ್ತದೆ. ಅದಕ್ಕಿಂತ ದೊಡ್ಡ ಲಾಭ ಎಂದರೆ ಮೇಲಿನ ಎರಡು ಮೂರು ಬೆರಳು ಮಣ್ಣು ಸಡಿಲಾಗಿ ಕೆಳಗಿನ ಹಸಿಗೆ ಹೊದಿಕೆ ಹೊದಿಸಿದಂತೆ ಆಗುತ್ತದೆ. ಎರೆ ಭೂಮಿ ಒಣಗಿದರೆ ಬಿರಿಯುತ್ತದೆ, ಬಿರುಕಿನಿಂದ ಕೆಳಗಿನ ಹಸಿ ಹಾರಿ ಹೋಗುತ್ತದೆ. ಎಡೆಕುಂಟೆ ಹೊಡೆದಾಗ ಆ ಬಿರುಕು ಮುಚ್ಚುತ್ತದೆ. "ಒಂದು ಎಡೆ ಹೊಡೆದರೆ ಅರ್ಧ ನೀರು ಬಿಟ್ಟಂಗ" ಅಂತ ನಮ್ಮ ಮನೆಯ ಹಿರಿಯರು ಅನ್ನುತ್ತಿದ್ದುದರ ಅರ್ಥ ಇದು.

ಇದರ ಮೇಲೆ ಕೂರಿಗೆಯಿಂದ ಆಳವಾಗಿ, ಹಸಿ ಇರುವಲ್ಲಿಗೇ ಬೀಜ ಬಿಡುವುದು. ಉತ್ತರಿ, ಹಸ್ತ ಮಳೆಯ ಹಸಿಯ ಮೇಲೆ ಜೋಳ, ಕಡಲೆ, ಕುಸುಬಿ, ಗೋಧಿ. ಜೋಳದಲ್ಲಿ ಕುಸುಬಿಯ ಅಕ್ಕಡಿ ಸಾಲು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈ ಹಿಡಿಯುತ್ತಿತ್ತು. ಉತ್ತರ ಕರ್ನಾಟಕದ ಎರೆ ಹೊಲದಲ್ಲಿ ಬೆಳೆದ ಗೋಧಿ, ಹೆಚ್ಚಿನದು ಬಿತ್ತಿದ ಮೇಲೆ ಒಂದು ಹನಿ ಮಳೆ ಕಾಣದೆ, ಬರೀ ನೆಲದ ಹಸಿ ಮತ್ತು ಚಳಿಯ ಮೇಲೆ ಬಂದದ್ದು. ಹುಗ್ಗಿಗೆ, ಮಾದಲಿಗೆ ಹೆಸರಾದ ಜವೆ ಗೋಧಿಯೂ ನಮ್ಮ ಕಡೆಯ ಹಳೆಯ ಬೆಳೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಅದರಲ್ಲಿ ಗಿಡ್ಡ ತಳಿಗಳನ್ನೂ ತಂದಿದ್ದಾರೆ.

ಹಿರಿಯರು ಮಾಡಿದ್ದನ್ನು ಸರಕಾರದವರು ಪರೀಕ್ಷೆ ಮಾಡಿ ನೋಡಿದ್ದು 1930ರ ದಶಕದಲ್ಲಿ. ಆಗ ದೇಶದಲ್ಲಿ ಒಣಬೇಸಾಯದ ಸಂಶೋಧನೆಗೆಂದು ಆರಿಸಿದ ಐದು ಸ್ಥಳಗಳಲ್ಲಿ ಮೂರು ನಮ್ಮ ಸುತ್ತಮುತ್ತಲಿನವೇ: ವಿಜಯಪುರ, ರಾಯಚೂರು ಮತ್ತು ಬಳ್ಳಾರಿ ಹತ್ತಿರದ ಹಗರಿ. ಉಳಿದೆರಡು ಸೊಲ್ಲಾಪುರ ಮತ್ತು ರೋಹ್ಟಕ್. ಅಲ್ಲಿಂದ ಬಂದ ಮಾತುಗಳು ಇವು: ಒಡ್ಡು ಹಾಕಿ ಮಳೆ ನೀರು ನಿಲ್ಲಿಸಿರಿ, ಮೂರು ವರ್ಷಕ್ಕೊಮ್ಮೆ ಆಳವಾಗಿ ಉಳಿರಿ, ತಿಪ್ಪೆಗೊಬ್ಬರ ಹಾಕಿರಿ, ಬೀಜ ಕಡಿಮೆ ಮಾಡಿ ಸಾಲು ಅಗಲ ಮಾಡಿರಿ, ಎಡೆ ಮೇಲಿಂದ ಮೇಲೆ ಹೊಡೆಯಿರಿ. 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣೆಯ ಕೇಂದ್ರವೂ ಆಯಿತು. ಹೊಲದಲ್ಲಿ ಚಿಕ್ಕ ಚಿಕ್ಕ ಚೌಕು ಮಡಿ ಮಾಡಿ ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸುವ ಪದ್ಧತಿ ವಿಜಯಪುರದ ಕಡೆ ಬಹಳ ಹರಡಿತು. ಹಿಂಗಾರಿ ಎರೆ ಹೊಲಕ್ಕೆ ಇದಕ್ಕಿಂತ ಸೋವಿ ನೀರಾವರಿ ಬೇರೆ ಇಲ್ಲ.

ತುಂಗಭದ್ರೆ ಮತ್ತು ಭತ್ತದ ಸೀಮೆ

ಈಗ ನೆರೆಯ ಗಂಗಾವತಿ ಕಡೆಗೆ ನೋಡೋಣ. ತುಂಗಭದ್ರಾ ಆಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿಯಲ್ಲಿ, ಆಚೆ ದಂಡೆಯಲ್ಲಿ ಮದ್ರಾಸ್ ಸರಕಾರ, ಈಚೆ ದಂಡೆಯಲ್ಲಿ ಹೈದರಾಬಾದ್ ಸರಕಾರ. 1953ರಲ್ಲಿ ನೀರು ಬಿಟ್ಟರು. ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಸುಮಾರು 227 ಕಿಲೋಮೀಟರ್ ಹರಿದು ರಾಯಚೂರಿನ ತನಕ ಹೋಗುತ್ತದೆ.

ಆ ಕಾಲುವೆಯ ಉದ್ದೇಶ ಭತ್ತ ಬೆಳೆಯುವುದಲ್ಲ ಅನ್ನುವುದನ್ನು ಇಂದಿನ ಹುಡುಗರು ನಂಬಲಿಕ್ಕಿಲ್ಲ. ಬರಗಾಲದ ಸೀಮೆಯ ಹೆಚ್ಚು ಹೆಚ್ಚು ಎಕರೆಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಿಸಿ ಬೆಳೆ ಉಳಿಸುವುದು ಮೂಲ ಲೆಕ್ಕ. ಕಡಿಮೆ ಭಾಗಕ್ಕೆ ಮಾತ್ರ ಭತ್ತ, ಕಬ್ಬು. ಹೆಚ್ಚಿನ ಭಾಗ ಜೋಳ, ಹತ್ತಿ, ಶೇಂಗಾ ಇಂಥ ಅರೆ ನೀರಾವರಿ ಬೆಳೆ ಅಂತ ಸರ್ವೆ ನಂಬರಿನ ಪ್ರಕಾರ ಗೊತ್ತು ಮಾಡಿದ್ದರು. ಆದರೆ ನಮ್ಮ ಭಾಗದ ರೈತರಿಗೆ ನೀರಾವರಿ ಹೊಸದು. ಕೃಷ್ಣಾ, ಗೋದಾವರಿ ಸೀಮೆಯಿಂದ ಬಂದ ಆಂಧ್ರದ ಒಕ್ಕಲಿಗರು ಭೂಮಿ ಕೊಂಡರು, ಕ್ಯಾಂಪುಗಳಾದವು, ಮಟ್ಟ ಮಾಡಿ ಗದ್ದೆ ಕಟ್ಟಿ ಭತ್ತ ಹಚ್ಚಿದರು. ಅವರು ದುಡಿದ ದುಡಿಮೆ ಸಣ್ಣದಲ್ಲ, ಅದನ್ನು ಒಪ್ಪಬೇಕು. ಅವರನ್ನು ನೋಡಿ ನಮ್ಮವರೂ ಕಲಿತರು. ಗಂಗಾವತಿ, ಕಾರಟಗಿ, ಸಿಂಧನೂರು ಭತ್ತದ ಕಣಜವಾದವು, ಅಕ್ಕಿ ಗಿರಣಿಗಳು ಎದ್ದವು, ಸೋನಾ ಮಸೂರಿಗೆ ಹೆಸರು ಬಂತು.

ಇದಕ್ಕೆ ಎರಡು ಕಡೆ ಬೆಲೆ ತೆರಬೇಕಾಯಿತು. ಒಂದು, ಮೇಲಿನವರು ಭತ್ತಕ್ಕೆ ನೀರು ನಿಲ್ಲಿಸಿದ್ದರಿಂದ ಮಾನವಿ, ರಾಯಚೂರು ಕಡೆಯ ಕೊನೆ ಭಾಗದ ರೈತರಿಗೆ ನೀರು ಮುಟ್ಟದಾಯಿತು. ಅವರ ಧರಣಿ, ಹೋರಾಟ ನಾವು ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತಿದ್ದೇವೆ. ಎರಡು, ಭೂಮಿಯೇ ಕೆಟ್ಟಿತು. ಎರೆ ಭೂಮಿ ನೀರು ಹಿಡಿಯುತ್ತದೆ, ಬಸಿದು ಹೋಗಲು ಬಿಡುವುದಿಲ್ಲ. ವರ್ಷಕ್ಕೆ ಎರಡು ಸಲ ನೀರು ನಿಂತರೆ ಒಳಗಿನ ನೀರಿನ ಮಟ್ಟ ಮೇಲೆ ಬರುತ್ತದೆ. ಬರುವಾಗ ನೆಲದ ಉಪ್ಪನ್ನೂ ಕರಗಿಸಿ ತರುತ್ತದೆ. ಬಿಸಿಲಿಗೆ ನೀರು ಹಾರುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಹೀಗೆ ಸವಳು ಜವಳು ಆದ ಭೂಮಿ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ತೊಂಬತ್ತು ಸಾವಿರ ಹೆಕ್ಟೇರಿಗೂ ಮೀರಿದೆ ಎಂದು ಕೃಷಿ ವಿಜ್ಞಾನಿಗಳು ಲೆಕ್ಕ ಕೊಟ್ಟಿದ್ದಾರೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯದೇ ಬೇರೆ ವಿಭಾಗ ಇದೆ. ನೆಲದೊಳಗೆ ಬಸಿಗಾಲುವೆ ಪೈಪು ಹಾಕಿ ಉಪ್ಪು ತೊಳೆದು ತೆಗೆಯುವ ಕೆಲಸ ಅಲ್ಲಿಂದ ನಡೆದಿದೆ. ಆದರೆ ಕೆಟ್ಟ ಭೂಮಿ ಸುಧಾರಿಸುವ ಖರ್ಚು ಕೆಡದಂತೆ ನೋಡಿಕೊಳ್ಳುವ ಖರ್ಚಿಗಿಂತ ಎಷ್ಟೋ ಪಟ್ಟು.

ಆಣೆಕಟ್ಟೂ ಮೊದಲಿನಷ್ಟಿಲ್ಲ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. 2023ರ ಬರದಲ್ಲಿ ರಾಜ್ಯದ 223 ತಾಲೂಕು ಬರಪೀಡಿತ ಎಂದು ಸಾರಿದರು. ಎರಡನೇ ಬೆಳೆಯ ಭತ್ತಕ್ಕೆ ನೀರಿಲ್ಲದೆ ಗದ್ದೆ ಖಾಲಿ ಉಳಿದವು. ಮರುವರ್ಷ 2024ರ ಆಗಸ್ಟ್ 10ರ ರಾತ್ರಿ, ತುಂಬಿದ ಆಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಚೈನ್ ಕಡಿದು ಕೊಚ್ಚಿ ಹೋಯಿತು. ವಾರದೊಳಗೆ ಹಲಗೆ ಇಳಿಸಿ ನೀರು ತಡೆದರು, ಆ ಮೇಲಿನ ಮಳೆಗೆ ಮತ್ತೆ ತುಂಬಿತು, ದೇವರು ದೊಡ್ಡವನು. ಆದರೆ ತುಂಬಿದ ಆಣೆಕಟ್ಟನ್ನು ನಂಬಿ ಸಹ ನಿಶ್ಚಿಂತೆಯಿಂದ ಮಲಗುವ ಕಾಲ ಇದಲ್ಲ ಅಂತ ಆ ವಾರ ಎಲ್ಲರಿಗೂ ಗೊತ್ತಾಯಿತು.

ಗದ್ದೆಗೆ ಹೋದ ಕೂರಿಗೆ

ಇಂಥ ಹೊತ್ತಿನಲ್ಲಿ ಗಂಗಾವತಿ, ಸಿಂಧನೂರು, ಮಾನವಿ ಕಡೆ ಒಂದು ಬದಲಾವಣೆ ಬಂದಿದೆ. ಸಸಿ ಮಡಿ ಇಲ್ಲ, ಕೆಸರು ಇಲ್ಲ, ನಾಟಿ ಇಲ್ಲ. ಒಣ ಹೊಲಕ್ಕೆ ಟ್ರ್ಯಾಕ್ಟರ್ ಕೂರಿಗೆಯಿಂದ ನೇರವಾಗಿ ಭತ್ತ ಬಿತ್ತುವುದು. ಕಾಲುವೆಗೆ ನೀರು ತಡವಾಗಿ ಬಂದ ವರ್ಷಗಳಲ್ಲಿ, ನಾಟಿಗೆ ಆಳು ಸಿಗದ ಸಮಯದಲ್ಲಿ, ರೈತರು ಇದಕ್ಕೆ ಕೈ ಹಾಕಿದರು. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಬೆನ್ನಿಗೆ ನಿಂತರು.

ಇದು ಪೂರಾ ಹೊಸದು ಅಂತ ತಿಳಿಯಬೇಕಾಗಿಲ್ಲ. ಧಾರವಾಡ, ಕಲಘಟಗಿ, ಹಾನಗಲ್ಲ, ಖಾನಾಪುರದ ಕಡೆ ಮುಂಗಾರಿಗೆ ಮೊದಲೇ ಕೂರಿಗೆಯಿಂದ ಭತ್ತ ಬಿತ್ತಿ, ಮಳೆ ಮೇಲೆ ಬೆಳೆಯುವುದು ತಲೆತಲಾಂತರದ ಪದ್ಧತಿ. ಅದಕ್ಕೆ ಕೂರಿಗೆ ಭತ್ತ ಅಂತಲೇ ಹೆಸರು. ನೀರು ಕಡಿಮೆ ಇದ್ದವರ ಜ್ಞಾನ ನೀರು ಹೆಚ್ಚಿದ್ದವರ ಗದ್ದೆಗೆ ಹೋಯಿತು ಅಂತ ನಾವು ಹೆಮ್ಮೆ ಪಡಬಹುದು.

ಲಾಭ ಏನು? ಕೆಸರು ಮಾಡಲಿಕ್ಕೇ ಬೇಕಾಗುವ ನೀರು ಉಳಿಯುತ್ತದೆ. ಒಟ್ಟು ನೀರಿನಲ್ಲಿ ನೂರಕ್ಕೆ ಇಪ್ಪತ್ತು ಉಳಿದರೂ ಎಕರೆಗೆ ಒಂಬತ್ತು ಲಕ್ಷ ಲೀಟರಿಗೂ ಮೇಲೆ, ನಮ್ಮ ಟ್ಯಾಂಕರ್ ಲೆಕ್ಕದಲ್ಲಿ 190ರ ಹತ್ತಿರ. ಬೀಜ ಅರ್ಧದಷ್ಟು ಸಾಕು. ನಾಟಿ ಆಳಿನ ಖರ್ಚಿಲ್ಲ. ಬೆಳೆ ಕೆಲವು ದಿನ ಮುಂಚೆ ಕೈಗೆ ಬರುತ್ತದೆ. ಕೆಸರು ಮಾಡಿದಾಗ ಕೆಳಗೆ ಗಟ್ಟಿಯಾಗುವ ಪದರ ಆಗುವುದಿಲ್ಲ, ಆದ್ದರಿಂದ ಭತ್ತದ ಮೇಲೆ ಕಡಲೆ, ಜೋಳ ಹಾಕಿದರೆ ಬೇರು ಇಳಿಯುತ್ತದೆ.

ತೊಂದರೆ ಇಲ್ಲವೇ ಅಂದರೆ, ಇವೆ. ನಿಂತ ನೀರು ಕಸವನ್ನು ತಡೆಯುತ್ತಿತ್ತು. ನೀರಿಲ್ಲದಾಗ ಕಸ ಭತ್ತದ ಜೊತೆಗೇ ಏಳುತ್ತದೆ. ಬಿತ್ತಿದ ಎರಡು ಮೂರು ದಿನದೊಳಗೆ ಮತ್ತು ಆ ಮೇಲೆ ಇಪ್ಪತ್ತು ದಿನದ ಸುಮಾರಿಗೆ ಕಳೆ ಔಷಧ ಸರಿಯಾಗಿ ಹೊಡೆಯದಿದ್ದರೆ ಬೆಳೆ ಹೋದಂತೆಯೇ. ಕಬ್ಬಿಣದ ಅಂಶ ಸಿಗದೆ ಎಳೆ ಪೈರು ಹಳದಿ ಆಗುತ್ತದೆ. ಉಸುಕು ಮಸಾರಿಯಲ್ಲಿ ನೀರು ನಿಲ್ಲುವುದಿಲ್ಲ. ಸವಳು ಹೊಲದಲ್ಲಿ ಮೊಳಕೆಯೇ ಬರುವುದು ಕಷ್ಟ. ಇದನ್ನೆಲ್ಲ ತಿಳಿದು ಮಾಡಬೇಕು.

ನಾಟಿಯನ್ನೇ ಮಾಡುವವರಿಗೂ ದಾರಿ ಇದೆ. ಫಿಲಿಪ್ಪೀನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಒಂದು ಸರಳ ಉಪಾಯ ಹೇಳಿಕೊಟ್ಟರು. ಒಂದು ಅಡಿ ಉದ್ದದ ಪೈಪಿನ ಕೆಳಭಾಗಕ್ಕೆ ತೂತು ಹೊಡೆದು ಗದ್ದೆಯಲ್ಲಿ ಹುಗಿಯುವುದು, ಒಳಗಿನ ಮಣ್ಣು ತೆಗೆಯುವುದು. ಪೈಪಿನೊಳಗೆ ನೀರು ನೆಲಮಟ್ಟದಿಂದ 15 ಸೆಂಟಿಮೀಟರ್, ಅಂದರೆ ಒಂದು ಗೇಣಿಗೂ ಕಡಿಮೆ, ಕೆಳಗಿಳಿದ ಮೇಲೆ ಮತ್ತೆ ನೀರು ಬಿಡುವುದು. ಗದ್ದೆ ಮೇಲೆ ಒಣಗಿದಂತೆ ಕಂಡರೂ ಬೇರಿಗೆ ನೀರು ಇರುತ್ತದೆ. ತೆನೆ ಹೊಡೆದು ಹೂ ಬಿಡುವಾಗ ಮಾತ್ರ ಒಣಗಿಸಬಾರದು. ಮಡಗಾಸ್ಕರ್ ದ್ವೀಪದಲ್ಲಿ 1980ರ ದಶಕದಲ್ಲಿ ಒಬ್ಬ ಪಾದ್ರಿ ರೈತರೊಂದಿಗೆ ದುಡಿದು ರೂಪಿಸಿದ ಶ್ರೀ ಪದ್ಧತಿಯೂ ಹೀಗೇ: ಎಳೆ ಸಸಿ, ಒಂದೊಂದೇ ಸಸಿ, ಅಗಲ ಅಂತರ, ನೀರು ನಿಲ್ಲಿಸದೆ ಹಸಿ ಮಾತ್ರ. ಭತ್ತ ನೀರಿನಲ್ಲಿ ಬದುಕಬಲ್ಲ ಗಿಡ. ಆದರೆ ಸದಾ ನಿಂತ ನೀರೇ ಬೇಕು ಅನ್ನುವ ಗಿಡವಲ್ಲ.

ಉಳದೆ ಬಿತ್ತುವ ಗೋಧಿ

ಪಂಜಾಬ್, ಹರಿಯಾಣಾದಲ್ಲಿ ಭತ್ತದ ಮೇಲೆ ಗೋಧಿ. ಭತ್ತ ಕೊಯ್ದು, ಆರೇಳು ಸಲ ಉಳುಮೆ ಮಾಡಿ ಗೋಧಿ ಬಿತ್ತುವಷ್ಟರಲ್ಲಿ ಹಂಗಾಮು ತಡವಾಗುತ್ತಿತ್ತು. 1990ರ ದಶಕದಿಂದ ಅಲ್ಲಿ ಉಳುಮೆ ಇಲ್ಲದೆ, ಭತ್ತದ ಕೂಳೆಯ ನಡುವೆಯೇ ಸೀಳಿ ಬೀಜ ಗೊಬ್ಬರ ಬಿಡುವ ಕೂರಿಗೆ ಬಂತು. ಡೀಸೆಲ್ ಉಳಿಯಿತು, ಬಿತ್ತನೆ ಮುಂಚೆ ಆಯಿತು, ಮೊದಲ ನೀರು ಕಡಿಮೆ ಸಾಕಾಯಿತು. ಆದರೂ ಅಲ್ಲಿ ಬೋರಿನ ನೀರು ಪಾತಾಳಕ್ಕೆ ಇಳಿಯಿತು. 2009ರಲ್ಲಿ ಆ ಎರಡೂ ರಾಜ್ಯಗಳು ಗೊತ್ತು ಮಾಡಿದ ತಾರೀಖಿಗೆ ಮೊದಲು ಭತ್ತ ನಾಟಿ ಮಾಡಕೂಡದು ಅಂತ ಕಾಯಿದೆಯನ್ನೇ ತಂದವು. ದೇಶಕ್ಕೆ ಅನ್ನ ಹಾಕಿದ ಸೀಮೆಗೆ ಬಂದ ಸ್ಥಿತಿ ಇದು.

ಉಳುಮೆ ಕಡಿಮೆ ಮಾಡಿರಿ, ಕೂಳೆ ಸುಡಬೇಡಿರಿ, ನೆಲ ಮುಚ್ಚಿಡಿರಿ, ಬೆಳೆ ಬದಲಾಯಿಸಿರಿ ಅಂತ ಈಗಿನ ವಿಜ್ಞಾನಿಗಳು ಹೇಳುವುದನ್ನು ಕೇಳಿದರೆ, ಕುಂಟೆ ಕೂರಿಗೆಯ ಹಿರಿಯರು ಅರ್ಧ ದಾರಿ ಮೊದಲೇ ನಡೆದಿದ್ದರು ಅನಿಸುತ್ತದೆ. ನಾವು ಟ್ರ್ಯಾಕ್ಟರ್ ಬಂದ ಮೇಲೆ ವರ್ಷಾ ವರ್ಷಾ ನೇಗಿಲು, ಅದರ ಮೇಲೆ ರೋಟಾವೇಟರ್. ಹಿಟ್ಟಿನಂತಾದ ಮಣ್ಣು ಒಂದು ದೊಡ್ಡ ಮಳೆಗೆ ಹೆಪ್ಪುಗಟ್ಟುತ್ತದೆ, ನೀರು ಇಂಗದೆ ಹರಿಯುತ್ತದೆ, ಮೇಲ್ಮಣ್ಣು ಜೊತೆಗೆ ಹೋಗುತ್ತದೆ. ಒಂದು ಮಾತು ಮಾತ್ರ ಒಪ್ಪಬೇಕು: ಜೋಳದ ಕಣಿಕೆಯನ್ನು ಹೊಲದಲ್ಲೇ ಬಿಡಿರಿ ಅಂದರೆ ನಮ್ಮಲ್ಲಿ ಆಗದು, ದನ ಏನು ತಿನ್ನಬೇಕು? ಆದರೆ ಮೆಕ್ಕೆಜೋಳದ ದಂಟು, ತೊಗರಿ ಹೊಟ್ಟು, ಹತ್ತಿ ಕಟ್ಟಿಗೆ ಇವಕ್ಕೆ ಬೆಂಕಿ ಇಡುವುದನ್ನಾದರೂ ನಿಲ್ಲಿಸಬಹುದು.

ನಮ್ಮೂರಿನ ಮುಂದಿರುವ ಪ್ರಶ್ನೆ

ಇಷ್ಟೆಲ್ಲ ಬರೆದದ್ದು ಗಂಗಾವತಿಯವರಿಗೆ ಬುದ್ಧಿ ಹೇಳಲಿಕ್ಕಲ್ಲ. ನಮ್ಮ ಕುಷ್ಟಗಿ, ಯಲಬುರ್ಗಾ ಸೀಮೆಗೆ ಕೃಷ್ಣೆಯ ನೀರನ್ನು ಎತ್ತಿ ತರುವ ಕೊಪ್ಪಳ ಏತ ನೀರಾವರಿಗಾಗಿ ನಾವೆಲ್ಲ ವರ್ಷಗಟ್ಟಲೆ ದಾರಿ ಕಾಯ್ದಿದ್ದೇವೆ. ನೀರು ಬರಲಿ, ಬೇಗ ಬರಲಿ. ಆದರೆ ಬಂದ ನೀರನ್ನು ಏನು ಮಾಡುತ್ತೇವೆ? ನಮ್ಮದೂ ಎರೆ ಭೂಮಿ. ಮೇಲಿನ ನಾಲ್ಕು ಮಂದಿ ಗದ್ದೆ ಕಟ್ಟಿ ನೀರು ನಿಲ್ಲಿಸಿದರೆ, ಕೆಳಗಿನ ನಲವತ್ತು ಮಂದಿಗೆ ನೀರಿಲ್ಲ. ಇಪ್ಪತ್ತು ವರ್ಷಕ್ಕೆ ಮೇಲಿನವರ ಹೊಲವೂ ಸವಳು. ಐವತ್ತು ಅರವತ್ತು ಕಿಲೋಮೀಟರ್ ದೂರದಲ್ಲಿ ಕಣ್ಣಾರೆ ಕಂಡ ಮೇಲೂ ಅದೇ ದಾರಿ ಹಿಡಿದರೆ ಯಾರನ್ನು ದೂರುವುದು?

ಹನಿ ನೀರಾವರಿ ಹಾಕಿದರೆ ಮುಗಿಯಿತು ಅಂತಲೂ ತಿಳಿಯಬಾರದು. ಪಕ್ಕದ ಹುನಗುಂದ ತಾಲೂಕಿನ ರಾಮಥಾಳದಲ್ಲಿ ಸುಮಾರು 24 ಸಾವಿರ ಹೆಕ್ಟೇರಿಗೆ ಸರಕಾರದಿಂದಲೇ ಹನಿ ನೀರಾವರಿ ಮಾಡಿದರು. ದೇಶವೇ ನೋಡಲಿಕ್ಕೆ ಬಂತು. ಆದರೆ ಅನೇಕ ಕಡೆ ಹೊಲದ ಪೈಪುಗಳು ಹಾಳಾಗಿವೆ, ನೀರು ಸರಿಯಾಗಿ ಬರುತ್ತಿಲ್ಲ ಎಂಬ ರೈತರ ಮಾತು ಪತ್ರಿಕೆಗಳಲ್ಲಿ ಬಂದಿದೆ. ಪೈಪು ಸರಕಾರ ಹಾಕಬಹುದು. ಕಾಯುವುದು, ಸರದಿ ಹಚ್ಚುವುದು, ದುರಸ್ತಿಗೆ ವಂತಿಗೆ ಎತ್ತುವುದು ರೈತರ ಕೂಟದಿಂದಲೇ ಆಗಬೇಕು. ಅದಕ್ಕೆಂದೇ ಕಾಯಿದೆಯಲ್ಲಿ ನೀರು ಬಳಕೆದಾರರ ಸಹಕಾರ ಸಂಘ ಅಂತ ಇದೆ. ಇದು ನಮ್ಮದೇ ಕೆಲಸ.

ಬೋರಿನ ಮಾತೂ ಇಲ್ಲಿ ಬಂತು. ಒಂದರ ಮೇಲೊಂದು ಬೋರು ಕೊರೆಸಿ, ನೀರು ಬೀಳದೆ, ಸಾಲ ಮಾತ್ರ ಉಳಿದ ಮನೆಗಳು ನಮ್ಮ ಸುತ್ತಿನ ಊರುಗಳಲ್ಲಿ ಎಷ್ಟಿಲ್ಲ? ಇದಕ್ಕೆ ಪ್ರತಿಯಾಗಿ ಒಂದು ಒಳ್ಳೆಯ ಉದಾಹರಣೆಯೂ ನಮ್ಮ ಜಿಲ್ಲೆಯಲ್ಲಿದೆ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ತಾವೇ ಹಳ್ಳಕ್ಕೆ ಇಳಿದು, ಜನರನ್ನು ಕೂಡಿಸಿ, ಹಿರೇಹಳ್ಳವನ್ನು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಸ್ವಚ್ಛ ಮಾಡಿಸಿದರು. ಜನ ಕೂಡಿದರೆ ಹಳ್ಳ ಮತ್ತೆ ಹರಿಯುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೊನೆಯದಾಗಿ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಒಡ್ಡು ಒಡೆದಿದ್ದರೆ ಬೇಸಿಗೆಯಲ್ಲೇ ಕಟ್ಟಿರಿ. ಹಿಂಗಾರಿ ಹೊಲದಲ್ಲಿ ಚೌಕು ಮಡಿ ಮಾಡಿರಿ. ನೇಗಿಲು ವರ್ಷಾ ವರ್ಷಾ ಬೇಡ, ಹರಗುವುದನ್ನು ಬಿಡಬೇಡಿರಿ. ಕೃಷಿ ಹೊಂಡ ಇದ್ದವರು ಹೂಳು ತೆಗೆಸಿರಿ. ನೀರು ಇದ್ದವರು ಭತ್ತ ಹಚ್ಚುವ ಮೊದಲು ನೆರೆಯವರನ್ನು ನೆನೆಯಿರಿ. ಬರುವ ವರ್ಷಗಳಲ್ಲಿ ಸಂಘದ ಸಾಲ ಬೋರಿಗಿಂತ ಒಡ್ಡಿಗೆ, ಹೊಂಡಕ್ಕೆ, ಕೂರಿಗೆಗೆ, ಹನಿ ಪೈಪಿಗೆ ಹೆಚ್ಚು ಹೋಗಬೇಕೆಂದು ನಾವು ಆಡಳಿತ ಮಂಡಳಿಯ ಮುಂದೆ ಇಡುವವರಿದ್ದೇವೆ. ಸರ್ವ ಸಾಧಾರಣ ಸಭೆಯಲ್ಲಿ ನೀವೂ ಮಾತಾಡಿರಿ.

ನೂರಿಪ್ಪತ್ತು ವರ್ಷದ ಹಿಂದೆ, 1905ರಲ್ಲಿ, ನಮ್ಮ ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಒಕ್ಕಲಿಗರು ಕೂಡಿ ಇಟ್ಟದ್ದು ಸಣ್ಣ ಸಣ್ಣ ರೊಕ್ಕ. ಹನಿ ಹನಿ ಕೂಡಿದರೆ ಹಳ್ಳ ಅನ್ನುವ ಗಾದೆಯನ್ನು ಅವರು ರೊಕ್ಕದಲ್ಲಿ ಮಾಡಿ ತೋರಿಸಿದರು. ಅದೇ ಗಾದೆಯನ್ನು ನಾವು ನೀರಿನಲ್ಲಿ ಮಾಡಿ ತೋರಿಸಬೇಕಾಗಿದೆ. ನಮ್ಮ ಮಕ್ಕಳು ಈ ಸಂಘದ ಸುವರ್ಣ ಮಹೋತ್ಸವ ಮಾಡುವಾಗ ಬೇವೂರಿನ ಎರೆ ಎರೆಯಾಗಿಯೇ ಉಳಿದಿರಲಿ, ಸವಳಾಗದಿರಲಿ ಎಂದು ಹಾರೈಸಿ ಮುಗಿಸುತ್ತೇವೆ.

ಜೈ ಕಿಸಾನ್, ಜೈ ಸಹಕಾರ.